ಮರೆತ ಹೊಡೆತಗಳು

ಕ್ಲಬ್ಬಿನ ಕಾರ್ಯದರ್ಶಿಗಳಿಗೆ ನಮಸ್ಕಾರ.

ನಮ್ಮವರ ಗಾಲ್ಫ್ ಹ್ಯಾಂಡಿಕ್ಯಾಪ್ ಹದಿನೆಂಟರಿಂದ ಒಂಬತ್ತಕ್ಕೆ ಇಳಿದಿದ್ದರಲ್ಲಿ ಮೋಸವಿದೆ ಎಂದು ಬರೆದಿದ್ದೀರಿ. ಕಡಿಮೆ ಹೊಡೆತದಲ್ಲಿ ಆಟ ಮುಗಿಸಿ ಅಂಕಿ ಇಳಿದರೆ ಒಳ್ಳೆಯ ಆಟಗಾರನೆಂಬ ಹೆಸರೇನೋ ಬರುತ್ತದೆ, ಆದರೆ ಎದುರಾಳಿಗೆ ಅಷ್ಟು ಹೊಡೆತಗಳ ರಿಯಾಯಿತಿ ಬಿಟ್ಟುಕೊಟ್ಟು ತಾನೇ ಸೋಲಬೇಕು. ಅಂಥ ಮೋಸ ಯಾರು ಮಾಡುತ್ತಾರೆ ಸ್ವಾಮಿ?

ಅವರು ಹೊಡೆತ ಕದಿಯುತ್ತಿಲ್ಲ, ಮರೆಯುತ್ತಿದ್ದಾರೆ. ಕುಡಿದ ಲೋಟ ಕೈಯಲ್ಲಿರುವಾಗಲೇ "ಇವತ್ತು ಕಾಫಿ ಇಲ್ವೇನೇ?" ಎನ್ನುತ್ತಾರೆ. ನಿಮ್ಮ ಲೆಕ್ಕ ಅವರ ಒಳ್ಳೆಯ ಆಟಗಳನ್ನಷ್ಟೇ ಆರಿಸಿಕೊಳ್ಳುತ್ತದೆ, ಅಂದರೆ ಅವರು ಹೆಚ್ಚು ಮರೆತ ದಿನಗಳನ್ನು. ಒಂಬತ್ತು ಬಂದ ದಿನ ಮನೆಯೆಲ್ಲ ಕುಣಿದರು. ಪೆದ್ದಿ, ನಾನೂ ಚಪ್ಪಾಳೆ ತಟ್ಟಿದೆ.

ದಯವಿಟ್ಟು ಹದಿನೆಂಟನ್ನೇ ಹಾಕಿಕೊಳ್ಳಿ. ಅವರು ಲಾಕರಿನ ಮೇಲೆ ಅಂಟಿಸಿಕೊಂಡಿರುವ ಒಂಬತ್ತನ್ನು ಮಾತ್ರ ಕೀಳಬೇಡಿ.

"ಒಂದ್ಸಲ ಬಂದು ನನ್ನ ಆಟ ನೋಡೇ" ಎಂದು ವರ್ಷಗಟ್ಟಲೆ ಕರೆದರು. ಬಿಸಿಲು, ಮಂಡಿನೋವು ಎಂದು ನೆಪ ಹೇಳಿ ತಪ್ಪಿಸಿಕೊಂಡೆ. ಈಗ ಕರೆಯುವುದನ್ನು ಬಿಟ್ಟಿದ್ದಾರೆ. ಭಾನುವಾರದಿಂದ ನಾನೇ ಜೊತೆಗೆ ನಡೆದು ಹೊಡೆತ ಎಣಿಸುತ್ತೇನೆ. ಗೇಟಿನವನಿಗೆ ಒಂದು ಮಾತು ಹೇಳಿಡಿ: ಜೊತೆಗಿರುವವಳು ಯಾರೆಂದು ಅವರನ್ನು ಕೇಳುವುದು ಬೇಡ, ನನ್ನನ್ನೇ ಕೇಳಲಿ.

ಇತಿ,
ಅವರ ಹೆಂಡತಿ