ಅಂಗೈ ಮೇಲೆ ಒಂದು ತೊಟ್ಟು

ಜೂನ್ 9, ಸೋಮವಾರ

ಹುಡುಗಿಯರಿಗೆ ನಾನು ಕೊಡುವ ಆರು ತಿಂಗಳ ಅಡುಗೆ ತರಬೇತಿ ಮುಗಿಯುತ್ತಾ ಬಂತು. ಖರ್ಚು: ತಳ ಹಿಡಿದ ಪಾತ್ರೆ ಎರಡು, ಹೆಚ್ಚಿಕೊಂಡ ಬೆರಳು ಮೂರು, ಸೀದ ಸಾಸಿವೆ ಲೆಕ್ಕಕ್ಕಿಲ್ಲ, ನನ್ನ ಗಂಟಲು ಒಂದು. ಲಾಭದ ಕಡೆ ಸದ್ಯಕ್ಕೆ ಒಂದೇ ಹೆಸರು — ಮಂಚೇನಹಳ್ಳಿಯ ಗೌತಮಿ. ಶನಿವಾರ ನಂದಿ ತಪ್ಪಲಿನ ಹೋಟೆಲಿನಲ್ಲಿ ಅವಳಿಗೆ ಕೆಲಸದ ಟ್ರಯಲ್. ತಪ್ಪಿದರೆ ಮತ್ತೆ ಗಾರ್ಮೆಂಟ್ಸ್ ಕೆಲಸವೇ ಗತಿ.

ಇವತ್ತು ಬಸ್ಸಾರು. ಸೌಟಿನಿಂದ ಎಡ ಅಂಗೈಗೆ ಒಂದು ತೊಟ್ಟು ಬಿಟ್ಟು ನೆಕ್ಕಿ ನೋಡಿದಳು. ನಾನು ಕಲಿಸಿದ್ದೇ. ನನಗೆ ಕಲಿಸಿದ್ದು ಮುನಿಶಾಮಮ್ಮ. ಚಿಂತಾಮಣಿ ಕಡೆಯ ಮದುವೆ ಅಡುಗೆಗಳಿಗೆ ಅವಳ ಹಿಂದೆ ಈರುಳ್ಳಿ ಬುಟ್ಟಿ ಹೊತ್ತುಕೊಂಡು ತಿರುಗಿದವಳು ನಾನು. ಅಂಗೈ ನೆಕ್ಕಿ, ಕಣ್ಣು ಮುಚ್ಚಿ, "ಉಪ್ಪು ಚಾಲಲೇದು" ಎಂದು ತೆಲುಗಿನಲ್ಲಿ ಅಂದರೆ ಇಡೀ ಒಲೆಸಾಲು ಉಪ್ಪಿಗೆ ಓಡುತ್ತಿತ್ತು. ಆ ಸೌದೆ ಹೊಗೆ, ಹುರುಳಿಕಾಳು ಬಸಿದ ಕಟ್ಟಿನ ವಾಸನೆ… ಈಗಿನ ಗ್ಯಾಸಿಗೆ ಬರುವುದಿಲ್ಲ.

ಜೂನ್ 14, ಸಂಜೆ

ಹೋಯಿತು. ಶೆಫ್ ಮುರಳಿಮೋಹನ್ ಎದುರಿಗೇ ಅಂಗೈ ನೆಕ್ಕಿದ್ದಾಳೆ.

"ಸ್ಪೂನು ನಿಮ್ಮೂರಿಗಿನ್ನೂ ಬಂದಿಲ್ವೇನಮ್ಮ?" ಅಂದರಂತೆ.

"ಬಂದದೆ ಸಾರ್. ಶೋಭಕ್ಕ ಹಿಂಗೇ ಹೇಳ್ಕೊಟ್ಟಿದ್ದು."

ಅವಳದೂ ನನ್ನದೂ, ಇಬ್ಬರ ಮರ್ಯಾದೆಯೂ ಒಂದೇ ಬಸ್ಸಿನಲ್ಲಿ ವಾಪಸ್.

ಶೆಫ್‌ಗೆ ಫೋನ್ ಮಾಡಿದೆ. ಮಾತಿಗೆ ನಾನೇನೂ ಬಡವಳಲ್ಲ. "ತಪ್ಪು ಟೀಚರ್ದು ಸಾರ್. ಮಾರ್ಕ್ಸ್ ಯಾಕೆ ಹುಡುಗೀದು ಕಟ್ ಮಾಡ್ತೀರ?" ನಕ್ಕರು. ಇಪ್ಪತ್ಮೂರಕ್ಕೆ ಇನ್ನೊಂದು ಸಲ ಕಳಿಸಿ ಅಂದರು.

ಜೂನ್ 17

ಎರಡು ಚಮಚದ ಪಾಠ. ಒಂದರಲ್ಲಿ ತೆಗೆ, ಇನ್ನೊಂದಕ್ಕೆ ಸುರಿ, ಬಾಯಿಗೆ ಹೋದದ್ದು ನೇರ ತೊಳೆಯಲು. ಮನೆಯಲ್ಲೂ ಹಾಗೇ ಮಾಡಿದಳಂತೆ. ಅಜ್ಜಿ ಅಶ್ವತ್ಥಮ್ಮ, "ಏನೇ, ನಮ್ಗೇನು ಅಂಟುರೋಗ ಬಂದದಾ?" ಎಂದು ಊಟ ಬಿಟ್ಟು ಎದ್ದರಂತೆ.

ಆದರೆ ಈಗ ಉಪ್ಪು ತಪ್ಪುತ್ತಿದೆ. ಯಾವತ್ತೂ ತಪ್ಪದವಳು.

"ಅಕ್ಕ, ಚಮಚದಲ್ಲಿ ಸುಡೋದೊಂದೇ ಗೊತ್ತಾಗ್ತದೆ. ಉಪ್ಪು ಗೊತ್ತಾಗಲ್ಲ."

ಜೂನ್ 20

ಪಾತ್ರೆ ಉಜ್ಜುವಾಗ ಹೊಳೆಯಿತು. ಮುನಿಶಾಮಮ್ಮ ತೊಟ್ಟು ಬಿಟ್ಟ ಕೂಡಲೇ ನೆಕ್ಕುತ್ತಿರಲಿಲ್ಲ. ಅಂಗೈ ವಾಲಿಸಿ, ಯಾರನ್ನಾದರೂ ಒಂದು ಮಾತು ಬೈದು — ಬಹಳ ಸಲ ನನ್ನನ್ನೇ — ಆಮೇಲೆ. ಅಷ್ಟರಲ್ಲಿ ಸಾರು ಆರಿರುತ್ತಿತ್ತು. ರುಚಿ ಹೇಳುತ್ತಿದ್ದದ್ದು ಅಂಗೈ ಅಲ್ಲ, ಆ ಬೈಗುಳದಷ್ಟು ತಡ.

"ಚಮಚ ಬಾಯಿಗಿಡೋ ಮುಂಚೆ ಮನಸ್ಸಲ್ಲೇ ಯಾರನ್ನಾದ್ರೂ ಬೈಕೊ" ಅಂದೆ.

"ಯಾರನ್ನ ಅಕ್ಕ?"

"ನನ್ನನ್ನೇ ಬೈಕೊಳ್ಳಮ್ಮ. ಹತ್ರದಲ್ಲೇ ಇದೀನಲ್ಲ."

ಎರಡು ಪಾತ್ರೆ ಸಾರು. ಎರಡರಲ್ಲೂ ಉಪ್ಪು ಸರಿ. ಎಷ್ಟು ಬೈದಳೋ.

ಜೂನ್ 23

ಪಾಸ್.

"ಟೇಸ್ಟ್ ಮಾಡೋ ಮುಂಚೆ ತುಟಿ ಅಲ್ಲಾಡ್ತದಲ್ಲಮ್ಮ, ಮಂತ್ರನಾ?" ಅಂದರಂತೆ ಶೆಫ್.

"ಹೂಂ ಸಾರ್. ನಮ್ಮಕ್ಕಂದು."

ಜುಲೈ 13, ಭಾನುವಾರ

ಗೌತಮಿ ಮೊದಲ ರಜೆಗೆ ಬಂದು ಹೋದಳು. ಲೆಕ್ಕ ಮುಗಿಸಿಬಿಡೋಣ.

ಹೋಟೆಲಿಗೆ — ಉಪ್ಪು ತಪ್ಪದ ಕೈ. ಗೌತಮಿಗೆ — ಬಿಳಿ ಕೋಟು, ಅದರ ಮೇಲೆ ಅವಳ ಹೆಸರು. ಅಶ್ವತ್ಥಮ್ಮನಿಗೆ — ಮೊಮ್ಮಗಳನ್ನು ಆಡಿಕೊಳ್ಳಲು ಎರಡು ಚಮಚ. ಮುನಿಶಾಮಮ್ಮನಿಗೆ, ಇದ್ದಿದ್ದರೆ, ಬೈಯಲು ಇನ್ನೊಬ್ಬಳು.

ನನಗೆ — ಇವತ್ತು ಮನೆಯಲ್ಲಿ ಬಸ್ಸಾರು. ಎರಡು ಚಮಚ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಸೌಟು ಎತ್ತಿದೆ. ಎಡಗೈ ತಾನಾಗಿ ಮುಂದೆ ಬಂದು ಅಂಗೈ ಒಡ್ಡಿತು.