ಬುಧವಾರ ಎಂದುಕೊಂಡು ಬಂದ ಗುರುವಾರದ ಮೇಲ್

ಪ್ರೀತಿಯ ಅಣ್ಣನಿಗೆ,

ಐದು ವರ್ಷದ ಹಿಂದೆ, ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾಗ, ನಿನ್ನ ವಾಚು ರಿಪೇರಿ ಅಂಗಡಿಗೆಂದು ನಾನೊಂದು ಪುಟ್ಟ ಮೇಲ್ ಪ್ರೋಗ್ರಾಮು ಬರೆದುಕೊಟ್ಟಿದ್ದೆ, ನೆನಪಿದೆಯಾ? ಹಸಿರು ಗುಂಡಿ ಒತ್ತಿದರೆ ಗಿರಾಕಿಗೆ ಮೇಲ್ ಹೋಗುತ್ತಿತ್ತು. ಕೆಂಪು ಗುಂಡಿ ಯಾಕಿತ್ತೋ ನನಗೂ ಗೊತ್ತಿಲ್ಲ. ಅದನ್ನು ನೀನು ಎಂದೋ ಮೂಲೆಗೆ ಹಾಕಿರುತ್ತೀ ಅಂದುಕೊಂಡಿದ್ದೆ. ಹಾಕಿಲ್ಲ ಅಂತ ನಿನ್ನೆ ಗೊತ್ತಾಯಿತು. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿಕೋ.

ನಾನೀಗ ನೋಡಿಕೊಳ್ಳುತ್ತಿರುವುದು ಒಂದು ಲೈಬ್ರರಿ. ಪುಸ್ತಕದ್ದಲ್ಲ; ಬೇರೆ ಪ್ರೋಗ್ರಾಮರುಗಳು ಎತ್ತಿಕೊಂಡು ತಮ್ಮ ಕೆಲಸಕ್ಕೆ ಹಚ್ಚಿಕೊಳ್ಳುವ ಸಿದ್ಧ ಕೋಡು. ಬಂದ ಮೇಲ್‌ನ ತಲೆಬರಹ ಓದಿ, ಯಾರಿಂದ, ಯಾರಿಗೆ, ಯಾವತ್ತು ಎಂದು ತಿಳಿಸುವುದು ಅದರ ಕೆಲಸ. ಪ್ರತಿ ಮೇಲ್‌ನ ನೆತ್ತಿಯಲ್ಲೂ ನಮಗೆ ಕಾಣದ ಇಪ್ಪತ್ತು ಮೂವತ್ತು ಸಾಲು ಇರುತ್ತವೆ ಅಣ್ಣ. ದಾರಿಯಲ್ಲಿ ಸಿಕ್ಕ ಒಂದೊಂದು ಯಂತ್ರವೂ ಅಂಚೆ ಕಚೇರಿಯ ಹಾಗೆ ತನ್ನ ಮುದ್ರೆ ಒತ್ತಿ ಮುಂದಕ್ಕೆ ಕಳಿಸುತ್ತದೆ. ಹೊಸ ಮುದ್ರೆ ಹಳೆಯದರ ಮೇಲೆ ಬರುತ್ತದೆ, ಹಾಗಾಗಿ ಕೆಳಗಿನಿಂದ ಓದಬೇಕು. ಎಲ್ಲಕ್ಕಿಂತ ಮಜಾ ತಾರೀಖಿನದು. ಒಂದು ಯಂತ್ರ ನೂರಹದಿನೈದನೇ ಇಸವಿ ಅನ್ನುತ್ತದೆ, ಇನ್ನೊಂದು ಇಪ್ಪತ್ತೈದು ಗಂಟೆ ಅನ್ನುತ್ತದೆ. ನೀನು ಮುರಿದ ಮುಳ್ಳುಗಳನ್ನು ಡಬ್ಬಿಯಲ್ಲಿ ಕೂಡಿಡುವ ಹಾಗೆ ಇಂಥವನ್ನೆಲ್ಲ ನಾನು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಇದರ ನಡುವೆ ನಾನೊಂದು ನಿಯಮ ಬರೆದಿದ್ದೆ. ವಾರವೂ ತಾರೀಖೂ ಒಂದಕ್ಕೊಂದು ಹೊಂದದಿದ್ದರೆ ಆ ತಾರೀಖನ್ನು ನಂಬಬೇಡ, ೧೯೭೦ರ ಜನವರಿ ಒಂದು ಅಂತ ಹಾಕು. ಕಂಪ್ಯೂಟರುಗಳು ದಿನ ಎಣಿಸಲು ಶುರುಮಾಡುವುದು ಅಲ್ಲಿಂದ. ಬೇರೆ ಲೈಬ್ರರಿಗಳು ಸಾಮಾನ್ಯವಾಗಿ ವಾರವನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಹಾಗಾಗಿ ನನಗೆ ಈ ನಿಯಮದ ಮೇಲೆ ಭಾರಿ ಜಂಬ. ಹೋದ ವಾರ ಹಳೆಯ ಪತ್ರಗಳನ್ನು ಕಾಪಿಡುವ ಕೆಲಸದ ಒಬ್ಬಾಕೆ ದೂರು ಬರೆದಳು: “ನಿಮ್ಮ ಲೈಬ್ರರಿ ನಮ್ಮ ಒಳ್ಳೊಳ್ಳೆ ಪತ್ರಗಳನ್ನ ತಗೊಂಡು ಹೋಗಿ ೧೯೭೦ಕ್ಕೆ ಎಸೀತಿದೆ.” ಎಲ್ಲಿ ನೋಡೋಣ ಎಂದು ನಿನ್ನೆ ನನ್ನದೇ ಮೇಲ್ ಪೆಟ್ಟಿಗೆಯ ತಳಕ್ಕೆ ಇಳಿದೆ; ಹಳೆಯ ತಾರೀಖಿನವೆಲ್ಲ ಹೋಗಿ ಬೀಳುವುದು ಅಲ್ಲೇ. ಅದೂ ಇದೇ ಲೈಬ್ರರಿಯಲ್ಲಿ ನಡೆಯುವುದು. ಅಲ್ಲಿ ಹನ್ನೊಂದು ಮೇಲ್ ಬಿದ್ದಿದ್ದವು. ಹತ್ತು ಜಾಹೀರಾತು. ಒಂದು ನಿನ್ನದು.

ಎರಡು ವರ್ಷದ ಹಿಂದಿನ ಆ ಜನವರಿಯಲ್ಲಿ ನಾನು ಗಿರಾಕಿಗಳ ಮುಂದೆಯೇ “ಕಣ್ಣು ಹೋಗ್ತಿದೆ, ಅಂಗಡಿ ಮುಚ್ಚು” ಎಂದು ನಿನ್ನ ಮೇಲೆ ಕೂಗಾಡಿದ್ದೆ. “ನಿನ್ನ ಕೆಲಸ ನೀನು ನೋಡ್ಕೋ, ಮೊಂಡಿ” ಎಂದು ನೀನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮತ್ತೆ ವಾಚಿನ ಮೇಲೆ ಬಗ್ಗಿದೆ. ಫೆಬ್ರವರಿ ಕೊನೆಗೆ ತಪ್ಪಾಯಿತು ಎಂದು ನಾನು ಮೇಲ್ ಮಾಡಿದೆ. ಉತ್ತರ ಬರಲಿಲ್ಲ. ನನಗೂ ರೋಷ ಬಂತು. ಎರಡು ವರ್ಷ ಮುಖ ಊದಿಸಿಕೊಂಡು ಕೂತೆ.

ಉತ್ತರ ಬಂದಿತ್ತು. “ತಪ್ಪುಗಿಪ್ಪು ಎಲ್ಲ ಬಿಡು. ನೀನು ಹೇಳಿದ್ದೇ ಸರಿ, ಬಲಗಣ್ಣು ಮಂಜಾಗಿದೆ. ಹನ್ನೆರಡನೇ ತಾರೀಖು ಆಪರೇಷನ್. ಒಬ್ಬನೇ ಹೋಗೋಕೆ ಹೆದರಿಕೆ ಆಗ್ತಿದೆ ಕಣೇ. ಬರ್ತೀಯಾ?” ನೀನು ಹೆದರಿಕೆ ಎಂದು ಬರೆದಿರುವುದನ್ನು ನಂಬಲಾಗದೆ ಮೂರು ಸಲ ಓದಿದೆ, ಆಮೇಲೆ ಅತ್ತುಬಿಟ್ಟೆ.

ಅತ್ತಾದ ಮೇಲೆ, ನಗಬೇಡ, ತಲೆಬರಹ ನೋಡದೆ ಇರಲಾಗಲಿಲ್ಲ. ಕೆಳಗಿನಿಂದ ಮೇಲಕ್ಕೆ ನಾಲ್ಕು ಮುದ್ರೆ. ನಾಲ್ಕರಲ್ಲೂ ಮಾರ್ಚ್ ಮೂರು, ಗುರುವಾರ. ನಿನ್ನ ಕಂಪ್ಯೂಟರು ಹಾಕಿದ ತಾರೀಖಿನ ಸಾಲಿನಲ್ಲಿ ಮಾತ್ರ ಮಾರ್ಚ್ ಮೂರು, ಬುಧವಾರ. ವಾಚು ರಿಪೇರಿಯವನ ಹತ್ತಿರವೇ ವಾರ ತಪ್ಪುವುದೆಂದರೇನು? ಕಳಿಸಿದ ಪ್ರೋಗ್ರಾಮು ಯಾವುದೆಂದು ಹೇಳುವ ಸಾಲೂ ಒಂದಿರುತ್ತದೆ. ಅಲ್ಲಿ ‘ಮೊಂಡಿ ೧.೦’ ಎಂದಿತ್ತು. ಆ ಹಳೆಯ ಕೋಡನ್ನು ಹುಡುಕಿ ತೆಗೆದೆ. ವಾರ ಎಣಿಸುವಾಗ ಅಧಿಕ ವರ್ಷ ಅಂತ ಒಂದಿದೆ ಎನ್ನುವುದನ್ನೇ ಮರೆತಿದ್ದೇನೆ! ಅದನ್ನು ಬರೆದ ಮೇಲೆ ಬಂದ ಮೊದಲ ಅಧಿಕ ವರ್ಷ ಅದು. ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ, ನನ್ನ ಪ್ರೋಗ್ರಾಮಿಗೆ ಇಪ್ಪತ್ತೆಂಟೇ. ಮಾರ್ಚಿನಿಂದ ನಿನ್ನ ವಾರವೆಲ್ಲ ಒಂದು ದಿನ ಹಿಂದೆ. ತಪ್ಪು ವಾರ ಹಾಕಿದವಳೂ ನಾನೇ, ಆ ತಪ್ಪಿಗೆ ನಿನ್ನ ಮೇಲನ್ನು ತಳಕ್ಕೆ ನೂಕಿದವಳೂ ನಾನೇ. ನೀನು ಮಾಡಿದ್ದು ಇಷ್ಟೇ, ತಂಗಿ ಕೊಟ್ಟದ್ದು ಅಂತ ಅದನ್ನು ಬಿಡದೆ ಇಟ್ಟುಕೊಂಡದ್ದು.

ನಿಯಮ ತಿದ್ದಿದ್ದೇನೆ. ವಾರ ಹೊಂದದಿದ್ದರೆ ಇನ್ನು ಮೇಲೆ ದಾರಿಯ ಮುದ್ರೆಗಳನ್ನು ನೋಡಿ ದಿನ ಗೊತ್ತುಮಾಡುತ್ತದೆ. ಆದರೆ ನನಗೆ ಬೇಕಾದದ್ದು ಯಾವ ಮುದ್ರೆಯಲ್ಲೂ ಇಲ್ಲ. ಆವತ್ತು ಯಾರ ಜೊತೆ ಹೋದೆ? ಬಾಗಿಲ ಹೊರಗೆ ಯಾರು ಕೂತಿದ್ದರು? ಸಣ್ಣ ಸ್ಕ್ರೂಗಳು ಈಗ ಕಾಣುತ್ತವಾ? ಕೇಳೋಣವೆಂದು ಫೋನು ಎತ್ತಿಕೊಂಡೆ, ಧೈರ್ಯ ಸಾಲದೆ ಇಟ್ಟುಬಿಟ್ಟೆ. ಅದಕ್ಕೇ ಕಾಗದ ತೆಗೆದುಕೊಂಡೆ. ಅಕ್ಷರ ಇಷ್ಟು ದಪ್ಪ ಯಾಕೆ ಅನ್ನಬೇಡ, ನಿನ್ನ ಕಣ್ಣು ಹೇಗಿದೆಯೆಂದು ನನಗೆ ಗೊತ್ತಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಬರ್ತೀನಿ ಅಣ್ಣ. ಎಂಟನೇ ತಾರೀಖು, ಭಾನುವಾರ. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಸಲ ನೋಡಿಕೊಂಡಿದ್ದೇನೆ.

ನಿನ್ನ ಕಣ್ಣು ತಣ್ಣಗಿರಲಿ, ನೀನೂ ತಣ್ಣಗಿರು.

ನಿನ್ನ
ಮೊಂಡಿ