ಬೋನಸ್ ಕಾರ್ಡಿನ ಮೇಲೆ ನಿಮ್ಮ ಹೆಬ್ಬೆರಳು

ಪ್ರೆಸ್ಸಿನ ಅಕ್ಕನಿಗೆ,

ಎದುರಿಗೆ ಬಂದು ಹೇಳಿದರೆ "ಸರಿ ಸರಿ, ಮೊದ್ಲು ಪ್ರೂಫ್ ನೋಡು" ಎಂದು ಮಾತು ತಿರುಗಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ನೀವು ಅಡ್ಡಬಾಯಿ ಹಾಕಲಾರಿರಿ.

ನಮ್ಮ ಗೋದಾಮಿನವರು ಈ ಸಲ ಬೋನಸ್ಸನ್ನು ದುಡ್ಡಾಗಿ ಕೊಡದೆ, ದೊಡ್ಡ ಅಂಗಡಿಯೊಂದರ ಗಿಫ್ಟ್ ಕಾರ್ಡ್ ಮಾಡಿ ಫೋನಿಗೆ ಕಳಿಸಿದ್ದರು. ಮನೆಯಲ್ಲಿ ಅಮ್ಮನ ಕಿವಿಯ ಮೆಷಿನ್ ಕೆಟ್ಟು ಕೂತಿತ್ತು. ಆ ಅಂಗಡಿಯಲ್ಲಿ ಫ್ಯಾನು, ಪರದೆ, ಇಸ್ತ್ರಿಪೆಟ್ಟಿಗೆ ಎಲ್ಲ ಇತ್ತು, ಆ ಮೆಷಿನ್ ರಿಪೇರಿಯೊಂದು ಬಿಟ್ಟು. ದುಡಿದವಳ ದುಡಿಮೆ ಯಾವ ಅಂಗಡಿಗೆ ಹೋಗಬೇಕೆಂದು ಹೇಳುವ ಹಕ್ಕು ಯಾವ ಯಜಮಾನನಿಗೂ ಇಲ್ಲ! ಹಾಗೆಂದೇ ಕರಪತ್ರ ಬರೆದೆ. ಸಾಕ್ಷಿಗಿರಲಿ ಎಂದು ನನ್ನ ಕಾರ್ಡಿನ ಚಿತ್ರವನ್ನೂ ಸೇರಿಸಿ ನಿಮ್ಮಲ್ಲಿಗೆ ತಂದೆ.

ನೀವು ಪ್ರೂಫಿನಲ್ಲಿ ಕಾರ್ಡಿನ ಕೋಡ್ ನಂಬರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದಿರಿ. "ಏನೇ ಕ್ರಾಂತಿಯಮ್ಮ, ಬೋನಸ್ಸನ್ನ ಬೀದೀಲಿ ಹೋಗೋರಿಗೆಲ್ಲ ದಾನ ಮಾಡ್ತಿದ್ದೀಯಾ? ಈ ನಂಬರ್ ಯಾರು ಮೊದ್ಲು ಓದ್ತಾರೋ ದುಡ್ಡು ಅವ್ರದ್ದೇ."

ಶೋಷಣೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದವಳಿಗೆ ಇದು ಹೊಳೆದಿರಲಿಲ್ಲ. ನಾಚಿಕೆ ಮುಚ್ಚಿಕೊಳ್ಳಲು ಫೋನ್ ತೋರಿಸಿದೆ. ಯಾರೋ ಅಪರಿಚಿತನೊಬ್ಬ, "ಕಾರ್ಡಿಗೆ ನಗದು ಕೊಡುತ್ತೇನೆ, ಮೊದಲು ಕೋಡ್ ಕಳಿಸಿ" ಎಂದು ಮೆಸೇಜ್ ಮಾಡಿದ್ದ. ನನ್ನನ್ನು ಸಂಗಾತಿ ಎಂದು ಕರೆದಿದ್ದನಲ್ಲ, ನಂಬಿಬಿಟ್ಟಿದ್ದೆ; ಕೋಡ್ ಕಳಿಸುವುದೊಂದೇ ಬಾಕಿ ಇತ್ತು.

"ಸಂಗಾತಿ ಆದ್ರೆ ಮುಖ ತೋರಿಸ್ಲಿ. ಅಂಗಡಿ ಬಾಗಿಲಿಗೇ ಬರೋಕೆ ಹೇಳು."

ಹೇಳಿದೆ. ಸಂಗಾತಿ ಅಲ್ಲಿಂದಲೇ ಮಾಯ.

ಆಮೇಲೆ ನೀವು ಅಂಗಡಿಗೆ ಫೋನ್ ಮಾಡಿ ವಿಚಾರಿಸಿದಿರಿ. ನಗದು ಕೊಡುವುದಿಲ್ಲ, ಆದರೆ ಕಾರ್ಡನ್ನು ಯಾರು ಬೇಕಾದರೂ ಬಳಸಬಹುದು ಎಂದರು. ನಿಮ್ಮ ಪ್ರೆಸ್ಸಿಗೆ ಫ್ಯಾನ್ ಬೇಕಿತ್ತು. "ನೂರಕ್ಕೆ ಐದು ಬಿಡು, ನಿನ್ನ ಕಾರ್ಡಿಗೆ ಗಿರಾಕಿ ನಾನೊಬ್ಳೇ" ಎಂದಿರಿ. ಬಿಡುವುದಿಲ್ಲ ಎಂದೆ. ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಜಗಳವಾಡಿ ಮೂರಕ್ಕೆ ಒಪ್ಪಿದೆವು. ಕೌಂಟರಿನವಳು ಕಾರ್ಡಿನಲ್ಲಿ ಹಣವಿದೆ ಎಂದು ನೋಡಿ ಹೇಳಿದಳು. ಬಿಲ್ ಮಾಡುವ ಮೊದಲೇ ನೀವು ನೋಟುಗಳನ್ನು ನನ್ನ ಕೈಗಿಟ್ಟಿರಿ. "ಎಣಿಸ್ಕೋ. ನಾನು ಅಕ್ಕ ಅಂತ ಸುಮ್ನೆ ಜೇಬಿಗೆ ಹಾಕ್ಕೋಬೇಡ."

ಅಕ್ಕಾ, ಅಯ್ಯೋ ಪಾಪ ಎಂದು ನೀವು ಪೂರ್ತಿ ಕೊಟ್ಟಿದ್ದರೆ ನಾನು ಮುಟ್ಟುತ್ತಿರಲಿಲ್ಲ. ನೀವು ಚೌಕಾಸಿ ಮಾಡಿದಿರಿ. ಸಮಾನತೆಯ ಬಗ್ಗೆ ಎಷ್ಟೋ ಓದಿದ್ದೇನೆ, ಆ ಜಗಳದಲ್ಲಿ ಸಿಕ್ಕಷ್ಟು ಎಲ್ಲೂ ಸಿಗಲಿಲ್ಲ. ಕೋಡಿನ ಮೇಲೆ ಕಪ್ಪು ಪಟ್ಟಿ ಎಳೆದು ನೀವು ಅಚ್ಚು ಹಾಕಿಕೊಟ್ಟ ಕರಪತ್ರ ಈಗ ಗೋದಾಮಿನಲ್ಲಿ ಕೈಯಿಂದ ಕೈಗೆ ಹೋಗುತ್ತಿದೆ. ಅದರ ಕೆಳಗೆ "ಕೋಡನ್ನು ಯಾರಿಗೂ ಕಳಿಸಬೇಡಿ, ಎದುರಿಗೇ ಮಾರಿ" ಎಂಬ ಸಾಲು ಸೇರಿಸಿದವರೂ ನೀವೇ. ಘೋಷಣೆಗಿಂತ ಹೆಚ್ಚು ಜನ ಅದನ್ನೇ ಓದುತ್ತಿದ್ದಾರೆ. ನನಗೇನೂ ಹೊಟ್ಟೆಕಿಚ್ಚಿಲ್ಲ, ಸ್ವಲ್ಪ ಮಾತ್ರ.

ನಿನ್ನೆ ಮೆಷಿನ್ ರಿಪೇರಿಯಾಗಿ ಬಂತು. ಅಮ್ಮನ ಕಿವಿಗೆ ಸಿಕ್ಕಿಸಿ, ರೂಢಿಯಂತೆ ಗಂಟಲು ಹರಿಯುವಂತೆ "ಅಮ್ಮಾ, ಕೇಳ್ತಾ?" ಎಂದು ಕೂಗಿದೆ. ಅಮ್ಮ ಬೆಚ್ಚಿಬಿದ್ದು ಬೈದಳು: "ಯಾಕೇ ಹಂಗೆ ಕಿರುಚ್ತೀಯಾ? ನಾನೇನು ಕಿವುಡೀನಾ?"

ನಿಮ್ಮ ಪ್ರೆಸ್ಸಿಗೆ ಕೆಲಸ ತುಂಬಿ ಬರಲಿ, ನನ್ನಂಥ ಜಗಳಗಂಟಿಯರು ನಿಮ್ಮ ಬಾಗಿಲು ತಟ್ಟುತ್ತಲೇ ಇರಲಿ.

ಬೈಸಿಕೊಂಡ ಸಂತೋಷದಲ್ಲಿ,
ನಿಮ್ಮ ಕ್ರಾಂತಿಯಮ್ಮ